ಗರ್ಭದ ಗಡಿಯಲ್ಲೊಂದು ಸಂವಾದ

ಒಬ್ಬರ ಚರ್ಮವನ್ನಾಗಲಿ ಮೂತ್ರಪಿಂಡವನ್ನಾಗಲಿ ಮತ್ತೊಬ್ಬರ ದೇಹಕ್ಕೆ ಕಸಿ ಮಾಡಿದರೆ, ಔಷಧದ ಬಲದಿಂದ ಆ ದೇಹದ ರಕ್ಷಣಾಶಕ್ತಿಯನ್ನು ಕುಗ್ಗಿಸದ ಹೊರತು, ಅದು ಬಂದ ಅಂಗವನ್ನು ಪರಕೀಯವೆಂದು ಗುರುತಿಸಿ, ಮೇಲೆರಗಿ, ಕೆಲವೇ ದಿನಗಳಲ್ಲಿ ಅಥವಾ ವಾರಗಳಲ್ಲಿ ನಾಶಮಾಡಿಬಿಡುತ್ತದೆ. ದಾನಿಯು ತಂದೆಯಾಗಿರಲಿ, ಒಡಹುಟ್ಟಿದ ಅಕ್ಕನಾಗಿರಲಿ, ರಕ್ತಸಂಬಂಧದ ನೆಪದಿಂದ ಈ ನಿಯಮವು ಸಾಧಾರಣವಾಗಿ ಸಡಿಲವಾಗುವುದಿಲ್ಲ. ಒಂದೇ ಅಂಡದಿಂದ ಹುಟ್ಟಿದ ಏಕರೂಪಿ ಅವಳಿಗಳು ಮಾತ್ರ ಇದಕ್ಕೆ ನಿಜವಾದ ಅಪವಾದ. ಇಷ್ಟು ಕಟ್ಟುನಿಟ್ಟಾದ ಕಾವಲುಳ್ಳ ದೇಹವೇ, ಅರ್ಧದಷ್ಟು ವಂಶವಾಹಿಗಳನ್ನು ತಂದೆಯಿಂದ ಪಡೆದು, ಆ ಕಾರಣದಿಂದ ಅರ್ಧ ಪರಕೀಯವೇ ಆದ ಶಿಶುವನ್ನು ಒಂಬತ್ತು ತಿಂಗಳ ಕಾಲ ತನ್ನ ನಡುವಿನಲ್ಲಿರಿಸಿಕೊಂಡು, ತನ್ನ ರಕ್ತದಿಂದಲೇ ಪೋಷಿಸಿ, ಸಕಾಲದಲ್ಲಿ ಲೋಕಕ್ಕೆ ಒಪ್ಪಿಸುತ್ತದೆ. ಮನೆಮನೆಯಲ್ಲಿ ನಡೆಯುವ ಘಟನೆಯಾದುದರಿಂದ ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ನಮಗೆ ಕಾಣುವುದಿಲ್ಲ; ಆದರೆ ಜೀವವಿಜ್ಞಾನದ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ಗಹನವಾದ ಸಮಸ್ಯೆಗಳು ಹೆಚ್ಚಿಲ್ಲ.

ಈ ಸಮಸ್ಯೆಯನ್ನು ಸ್ಪಷ್ಟವಾದ ಮಾತುಗಳಲ್ಲಿ ವಿಜ್ಞಾನಲೋಕದ ಮುಂದಿಟ್ಟವರು ಇಂಗ್ಲೆಂಡಿನ ಪೀಟರ್ ಮೆಡಾವರ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಕಿಯಲ್ಲಿ ಬೆಂದವರ ಮೈಗೆ ಪರರ ಚರ್ಮವನ್ನು ಹೊದಿಸುವ ಪ್ರಯತ್ನಗಳನ್ನು ಅಭ್ಯಸಿಸುತ್ತ, ಅದೇ ದಾನಿಯ ಚರ್ಮವನ್ನು ಎರಡನೆಯ ಸಲ ಹೊದಿಸಿದಾಗ ಅದು ಮೊದಲಿಗಿಂತಲೂ ಬೇಗನೆ ತಿರಸ್ಕೃತವಾಗುವುದನ್ನು ಕಂಡು, ಈ ತಿರಸ್ಕಾರವು ನೆನಪುಳ್ಳ ರಕ್ಷಣಾವ್ಯವಸ್ಥೆಯ ಕಾರ್ಯವೆಂಬುದನ್ನು ತೋರಿಸಿಕೊಟ್ಟವರು ಅವರು; 1960ರಲ್ಲಿ ಮ್ಯಾಕ್‌ಫರ್ಲೇನ್ ಬರ್ನೆಟ್ ಅವರೊಡನೆ ನೊಬೆಲ್ ಪಾರಿತೋಷಿಕವನ್ನು ಹಂಚಿಕೊಂಡವರು. 1953ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಅವರು, ತಾಯಿಯು ಶಿಶುವನ್ನು ತಿರಸ್ಕರಿಸದಿರುವುದಕ್ಕೆ ಮೂರು ಕಾರಣಗಳು ಸಂಭಾವ್ಯವೆಂದರು. ತಾಯಿ-ಶಿಶುಗಳ ನಡುವೆ ದಾಟಲಾಗದ ಒಂದು ಗೋಡೆಯಿರಬಹುದು. ಇಲ್ಲವೇ ಶಿಶುವಿನ ಅಂಗಾಂಶವು ಇನ್ನೂ ಅಪಕ್ವವಾಗಿದ್ದು ತನ್ನ ಪರಕೀಯತೆಯನ್ನು ಹೊರಗೆ ತೋರಗೊಡದಿರಬಹುದು. ಅದೂ ಅಲ್ಲವಾದರೆ ಗರ್ಭಕಾಲದಲ್ಲಿ ತಾಯಿಯ ರಕ್ಷಣಾವ್ಯವಸ್ಥೆಯೇ ಜಡವಾಗಿ ಮಲಗಿರಬಹುದು.

ಈ ಮೂರು ಊಹೆಗಳೂ ಮುಂದಿನ ಹಲವು ದಶಕಗಳ ಸಂಶೋಧನೆಗೆ ದಿಕ್ಕನ್ನು ತೋರಿದವು. ಆದರೆ ಮೂರರಲ್ಲಿ ಒಂದೂ ಪೂರ್ಣವಾಗಿ ನಿಲ್ಲಲಿಲ್ಲ. ನಡುವಣ ಗೋಡೆ ಅಭೇದ್ಯವಲ್ಲವೆಂಬುದಕ್ಕೆ ತಾಯಿಯ ರಕ್ತದಲ್ಲಿ ಸಂಚರಿಸುವ ಶಿಶುವಿನ ಕೋಶಗಳೇ ಸಾಕ್ಷಿ: ಗಂಡುಮಗುವನ್ನು ಹೆತ್ತು 27 ವರ್ಷಗಳಾದ ತಾಯಿಯ ರಕ್ತದಲ್ಲಿಯೂ ಆ ಮಗನ ಕೋಶಗಳು ಉಳಿದಿದ್ದುದನ್ನು ಅಮೆರಿಕದ ಡಯಾನಾ ಬಿಯಾಂಕಿ ಮತ್ತು ಸಂಗಡಿಗರು 1996ರಲ್ಲಿ ವರದಿ ಮಾಡಿದರು. ತಾಯಿಯ ರಕ್ಷಣಾವ್ಯವಸ್ಥೆ ಜಡವಾಗಿಲ್ಲವೆಂಬುದಕ್ಕೆ ಇನ್ನೂ ಹಳೆಯ ಸಾಕ್ಷ್ಯವಿದೆ. ಆರ್‌ಎಚ್ ನೆಗೆಟಿವ್ ರಕ್ತದ ತಾಯಿಗೆ ಆರ್‌ಎಚ್ ಪಾಸಿಟಿವ್ ಮಗು ಹುಟ್ಟಿದಾಗ, ಹೆರಿಗೆಯ ಸಮಯದಲ್ಲಿ ತನ್ನೊಳಗೆ ಸೇರಿದ ಮಗುವಿನ ರಕ್ತಕಣಗಳ ವಿರುದ್ಧ ಆಕೆಯ ದೇಹವು ಪ್ರತಿಕಾಯಗಳನ್ನು ನಿರ್ಮಿಸಿಟ್ಟುಕೊಂಡು, ಮುಂದಿನ ಬಸಿರಿನಲ್ಲಿ ಅಂಥದೇ ರಕ್ತದ ಶಿಶುವಿಗೆ ಹಾನಿಮಾಡುವುದುಂಟು. 1968ರಿಂದ ಬಳಕೆಗೆ ಬಂದ ಆಂಟಿ-ಡಿ ಚುಚ್ಚುಮದ್ದು ಅಸಂಖ್ಯ ಶಿಶುಗಳನ್ನು ಉಳಿಸಿರುವುದು ಈ ಅನಾಹುತದಿಂದಲೇ. ಹೀಗೆ ಎಚ್ಚರವಾಗಿಯೇ ಇರುವ, ಕಂಡದ್ದನ್ನು ನೆನಪಿಡುವ ತಾಯಿಯ ದೇಹವು ಶಿಶುವನ್ನು ಹೇಗೆ ಇಟ್ಟುಕೊಳ್ಳುತ್ತದೆ ಎಂಬ ಪ್ರಶ್ನೆ ಮತ್ತಷ್ಟು ತೀಕ್ಷ್ಣವಾಯಿತೇ ಹೊರತು ಪರಿಹಾರವಾಗಲಿಲ್ಲ.

ಉತ್ತರವನ್ನು ಹುಡುಕತಕ್ಕ ಸ್ಥಳವಾವುದೆಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಫಲಿತಗೊಂಡ ಅಂಡವು ಸುಮಾರು ಆರೇಳು ದಿನಗಳ ತರುವಾಯ ಗರ್ಭಾಶಯದ ಒಳಪೊರೆಯಲ್ಲಿ ನೆಲೆಯೂರುವಾಗ, ಅದರ ಹೊರವಲಯದಲ್ಲಿರುವ ಟ್ರೋಫೋಬ್ಲಾಸ್ಟ್ ಎಂಬ ಕೋಶಗಳು ತಾಯಿಯ ಅಂಗಾಂಶವನ್ನು ಹೊಕ್ಕು ಬೆಳೆಯತೊಡಗುತ್ತವೆ. ಮುಂದೆ ಮಾಸಾಗಿ ರೂಪುಗೊಳ್ಳುವುದು ಇವುಗಳಿಂದಲೇ. ಆದುದರಿಂದ ತಾಯಿಯ ದೇಹದೊಡನೆ ನೇರವಾಗಿ ಸಂಧಿಸುವುದು ಶಿಶುವಿನ ಮೈಯಲ್ಲ, ಶಿಶುವಿನದೇ ವಂಶವಾಹಿಗಳನ್ನು ಹೊತ್ತ ಈ ಮಾಸಿನ ಕೋಶಗಳು. ಅವುಗಳಲ್ಲಿ ಒಂದು ಪಂಗಡವು ಮಾಸಿನ ಕವಲುಗಳಿಂದ ಹೊರಟು, ಬಸಿರಿಗಾಗಿ ಮಾರ್ಪಟ್ಟು ಡೆಸಿಡುವಾ ಎನಿಸಿಕೊಂಡ ಗರ್ಭಾಶಯದ ಒಳಪೊರೆಯನ್ನು ದಾಟಿಕೊಂಡು, ತಾಯಿಯ ಸುರುಳಿ ಧಮನಿಗಳವರೆಗೆ ಪಯಣಿಸುತ್ತದೆ. ಅಲ್ಲಿ ಅವು ಧಮನಿಯ ಗೋಡೆಯ ಸ್ನಾಯುವನ್ನು ಕರಗಿಸಿ, ಸಂಕುಚಿಸುವ ಶಕ್ತಿಯನ್ನು ಇಲ್ಲವಾಗಿಸಿ, ಕಿರಿದಾದ ನಾಳವನ್ನು ಅಗಲವಾದ ಕಾಲುವೆಯಾಗಿ ಮಾರ್ಪಡಿಸುತ್ತವೆ. ಈ ಮಾರ್ಪಾಟನ್ನು ಬ್ರೋಸೆನ್ಸ್, ರಾಬರ್ಟ್‌ಸನ್ ಮತ್ತು ಡಿಕ್ಸನ್ ಎಂಬವರು 1967ರಲ್ಲಿಯೇ ವಿವರವಾಗಿ ವರ್ಣಿಸಿದ್ದರು. ದಿನ ತುಂಬುತ್ತ ಬಂದ ಬಸುರಿಯ ಗರ್ಭಾಶಯಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಮೀರಿದ ರಕ್ತವು ಹರಿಯುವುದು ಈ ಅಗಲೀಕರಣದ ಫಲ.

ಈ ಪ್ರವೇಶಕ್ಕೆ ಒಂದು ಮಿತಿಯೂ ಇರಬೇಕು. ಮಾಸಿನ ಕೋಶಗಳು ಅಳತೆಮೀರಿ ಒಳನುಗ್ಗಿದರೆ ಮಾಸು ಗರ್ಭಾಶಯದ ಸ್ನಾಯುವಿಗೇ ಅಂಟಿಕೊಂಡು, ಹೆರಿಗೆಯಾದ ಮೇಲೂ ಬಿಡಿಸಿಕೊಳ್ಳದೆ, ಪ್ರಾಣಾಪಾಯದ ರಕ್ತಸ್ರಾವಕ್ಕೆ ಕಾರಣವಾಗಬಲ್ಲದು. ಅಳತೆಗೆ ಕಡಿಮೆಯಾಗಿ ಹೊಕ್ಕರೆ ಧಮನಿಗಳು ಅಗಲವಾಗದೆ, ಶಿಶುವು ಸಾಕಷ್ಟು ಪೋಷಣೆ ದೊರೆಯದೆ ಬಡಕಲಾಗಿ, ತಾಯಿಗೆ ರಕ್ತದೊತ್ತಡವೇರುವ ಪ್ರೀ-ಎಕ್ಲಾಂಪ್ಸಿಯಾ, ಎಂದರೆ ನಮ್ಮವರು ಬಸುರಿಯ ನಂಜು ಎನ್ನುವ ವ್ಯಾಧಿ, ಅಡರಿಕೊಳ್ಳುತ್ತದೆ. ಈ ನಂಜಿನ ಲಕ್ಷಣಗಳು ಹೊರಗೆ ತೋರುವುದು ಸಾಮಾನ್ಯವಾಗಿ ಇಪ್ಪತ್ತನೆಯ ವಾರದ ಅನಂತರ. ಆದರೆ ಅದರ ಬೀಜವು ಬಿದ್ದಿರುವುದು ಅದಕ್ಕೂ ಬಹಳ ಹಿಂದೆ, ಮೊದಲ ಮೂರು ತಿಂಗಳೊಳಗೆ, ಎಷ್ಟೋ ವೇಳೆ ತಾನು ಗರ್ಭಿಣಿಯೆಂಬುದೇ ಹೆಣ್ಣಿಗೆ ಇನ್ನೂ ಸರಿಯಾಗಿ ಮನವರಿಕೆಯಾಗಿರದ ದಿನಗಳಲ್ಲಿ. ರೋಗವು ಕಣ್ಣಿಗೆ ಬೀಳುವ ಹೊತ್ತಿಗೆ ಅದನ್ನು ಬೇರಿನಿಂದ ಗುಣಪಡಿಸುವ ಮಾರ್ಗ ವೈದ್ಯರ ಬಳಿ ಒಂದೇ ಒಂದು: ಮಗುವನ್ನೂ ಮಾಸನ್ನೂ ಹೊರತೆಗೆಯುವುದು. ಮಗುವಿಗೆ ಇನ್ನೂ ಕಾಲ ಕೂಡಿರದಿದ್ದರೆ ಆ ನಿರ್ಧಾರವು ತಾಯಿ-ಮಕ್ಕಳಿಬ್ಬರ ಪ್ರಾಣವನ್ನೂ ತಕ್ಕಡಿಯಲ್ಲಿಟ್ಟು ಮಾಡಬೇಕಾದ ನಿರ್ಧಾರ.

ಹಾಗಾದರೆ ಮಾಸಿನ ಕೋಶಗಳು ಎಷ್ಟು ದೂರ ಬರಬಹುದು, ಎಲ್ಲಿ ನಿಲ್ಲಬೇಕು ಎಂಬುದನ್ನು ನಿರ್ಧರಿಸುವವರು ಯಾರು? ಮೊದಲ ತ್ರೈಮಾಸಿಕದ ಡೆಸಿಡುವಾದಲ್ಲಿರುವ ಬಿಳಿಯ ರಕ್ತಕಣಗಳನ್ನು ಎಣಿಸಿ ನೋಡಿದರೆ, ಅವುಗಳಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ನ್ಯಾಚುರಲ್ ಕಿಲ್ಲರ್ ಎಂಬ ಒಂದೇ ಜಾತಿಗೆ ಸೇರಿದವು. ಸಂಕ್ಷೇಪವಾಗಿ ಇವನ್ನು ಎನ್‌ಕೆ ಕೋಶಗಳೆನ್ನುತ್ತಾರೆ. ರಕ್ತದಲ್ಲಿ ಇದೇ ಜಾತಿಯ ಕೋಶಗಳು ವೈರಸ್ಸು ಹೊಕ್ಕ ಕೋಶಗಳನ್ನೂ ಅರ್ಬುದದ ಕೋಶಗಳನ್ನೂ ಕೊಲ್ಲುವ ಕೆಲಸದಲ್ಲಿ ತೊಡಗಿರುತ್ತವೆ. ಗರ್ಭಾಶಯದಲ್ಲಿ ಇವು ಬಸಿರಿಗೂ ಮೊದಲೇ, ಮುಟ್ಟಿನ ಚಕ್ರದ ಉತ್ತರಾರ್ಧದಲ್ಲಿ, ಹೆಚ್ಚತೊಡಗಿ, ಬಸಿರು ನಿಂತ ಮೇಲೆ ಮಾಸಿನ ಕೋಶಗಳು ಬಂದಿಳಿಯುವ ಜಾಗದಲ್ಲಿಯೇ ನೆರೆದಿರುತ್ತವೆ. ಆದರೂ ಸಹಜವಾದ ಬಸಿರಿನಲ್ಲಿ ಅವು ಆ ಕೋಶಗಳನ್ನು ಕೊಲ್ಲುವುದಿಲ್ಲ. ಇಷ್ಟು ಸಂಖ್ಯೆಯಲ್ಲಿ ನೆರೆದೂ ಕೊಲ್ಲದಿರುವ ಈ ಕೋಶಗಳು ಅಲ್ಲಿ ಮಾಡುತ್ತಿರುವುದಾದರೂ ಏನು ಎಂಬ ಪ್ರಶ್ನೆಗೆ ತಮ್ಮ ವೃತ್ತಿಜೀವನವನ್ನೇ ಮೀಸಲಿಟ್ಟವರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಆ್ಯಶ್ಲಿ ಮೊಫೆಟ್ ಅಗ್ರಗಣ್ಯರು.

ದೇಹದ ಬಹುಪಾಲು ಕೋಶಗಳು ಎಚ್‌ಎಲ್‌ಎ ಎಂಬ ಗುರುತಿನ ಅಣುಗಳನ್ನು ತಮ್ಮ ಮೇಲ್ಮೈಯಲ್ಲಿ ಧರಿಸಿರುತ್ತವೆ; ಕಸಿಮಾಡಿದ ಅಂಗವು ಪರಕೀಯವೆಂದು ಪತ್ತೆಯಾಗುವುದು ಮುಖ್ಯವಾಗಿ ಇವುಗಳಿಂದ. ಒಳಹೊಕ್ಕ ಮಾಸಿನ ಕೋಶಗಳು ಇವುಗಳಲ್ಲಿ ಎ ಮತ್ತು ಬಿ ಎಂಬ ಪ್ರಧಾನವಾದ ಎರಡನ್ನು ಧರಿಸುವುದೇ ಇಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ಹೆಚ್ಚು ಬದಲಾಗದ ಜಿ ಮತ್ತು ಇ ಎಂಬ ಅಣುಗಳನ್ನೂ, ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವ ಸಿ ಎಂಬ ಒಂದನ್ನೂ ಮಾತ್ರ ಧರಿಸುತ್ತವೆ. ತಂದೆಯಿಂದ ಬಂದ ಗುರುತು ತಾಯಿಗೆ ಕಾಣಿಸುವುದು ಈ ಸಿ ಅಣುವಿನಲ್ಲಿ. ಅದನ್ನು ಓದಿಕೊಳ್ಳುವ ಗ್ರಾಹಕಗಳು, ಕೆಐಆರ್ ಎಂಬವು, ತಾಯಿಯ ಎನ್‌ಕೆ ಕೋಶಗಳ ಮೇಲಿವೆ. ಎಲ್ಲ ತಾಯಂದಿರಲ್ಲಿಯೂ ಈ ಗ್ರಾಹಕಗಳು ಒಂದೇ ಬಗೆಯಲ್ಲ: ಕೆಲವು ಕೋಶವನ್ನು ತಡೆಹಿಡಿಯುವಂಥವು, ಕೆಲವು ಪ್ರಚೋದಿಸುವಂಥವು. ಮೊಫೆಟ್ ಮತ್ತು ಅವರ ಸಹೋದ್ಯೋಗಿಗಳು 2004ರಲ್ಲಿ ಪ್ರಕಟಿಸಿದ ಅಧ್ಯಯನವು ತೋರಿಸಿದುದೇನೆಂದರೆ, ಪ್ರಚೋದಕ ಗ್ರಾಹಕಗಳು ಬಹಳ ಕಡಿಮೆಯಿರುವ ಎಎ ಎಂಬ ಬಗೆಯ ತಾಯಿಯೂ, ಸಿ2 ಎಂಬ ಬಗೆಯ ಗುರುತಿರುವ ಶಿಶುವೂ ಒಂದುಗೂಡಿದಾಗ ನಂಜಿನ ಅಪಾಯವು ಹೆಚ್ಚುತ್ತದೆ.

ಈ ಶೋಧನೆಯ ಅರ್ಥವನ್ನು ಸ್ವಲ್ಪ ನಿಧಾನವಾಗಿ ಪರಿಭಾವಿಸಬೇಕು. ತಾಯಿಯ ಕೋಶಗಳು ಶಿಶುವನ್ನು ಗುರುತಿಸದಿರುವುದರಿಂದ ಬಸಿರು ಉಳಿಯುವುದೆಂದು ನಾವು ಭಾವಿಸಿಕೊಂಡಿದ್ದೆವು. ನಿಜವಾದ ಸಂಗತಿ ಇದಕ್ಕೆ ವಿಪರೀತವಾಗಿದೆ. ಗುರುತಿಸುವ ಕೋಶಗಳು ಅತಿಯಾಗಿ ತಡೆಹಿಡಿಯಲ್ಪಟ್ಟಾಗ ಬಸಿರು ಕೆಡುವ ಸಂಭವ ಹೆಚ್ಚುತ್ತದೆ. ಅವು ಶಿಶುವನ್ನು ಗುರುತಿಸಿ, ತಕ್ಕಮಟ್ಟಿಗೆ ಪ್ರಚೋದಿತವಾಗಿ, ಮಾಸಿನ ಕೋಶಗಳಿಗೆ ಬೇಕಾದ ರಾಸಾಯನಿಕ ಸಂದೇಶಗಳನ್ನು ಸ್ರವಿಸಿದಾಗ ಧಮನಿಗಳು ಅಗಲವಾಗಿ ಶಿಶುವು ಪುಷ್ಟವಾಗುತ್ತದೆ. ಮುಂದಿನ ಅಧ್ಯಯನಗಳಲ್ಲಿ ಪ್ರಚೋದಕ ಗ್ರಾಹಕವುಳ್ಳ ತಾಯಂದಿರ ಶಿಶುಗಳ ಜನನತೂಕವು ಹೆಚ್ಚಿನತ್ತ ವಾಲಿರುವುದೂ ಕಂಡುಬಂದಿತು. ಸಹನೆಯೆಂಬುದು ಅಜ್ಞಾನದ ಫಲವಲ್ಲ, ಪರಿಚಯದ ಫಲ. ತಾಯಿಯ ದೇಹವು ಶಿಶುವನ್ನು ಬಲ್ಲುದರಿಂದಲೇ ಇರಗೊಡುತ್ತದೆ. ಗರ್ಭಧಾರಣೆಯ ರೋಗನಿರೋಧಶಾಸ್ತ್ರವು ಕಳೆದ ಕಾಲು ಶತಮಾನದಲ್ಲಿ ನಮಗೆ ಕಲಿಸಿದ ಪಾಠಗಳಲ್ಲಿ ಮುಖ್ಯವಾದುದು ಇದೇ ಎಂಬುದು ನನ್ನ ದೃಢವಾದ ನಂಬಿಕೆ.

ಪಾಠದ ಸಾರವು ಹೀಗೆ ತಿಳಿದುಬಂದರೂ ಅದರ ವಿವರಗಳು ಬಹುಕಾಲ ಕೈಗೆಟುಕಲಿಲ್ಲ. ಅದಕ್ಕೆ ಕಾರಣ ಉಪಕರಣಗಳ ಮಿತಿ. ಅಂಗಾಂಶದ ಒಂದು ತುಣುಕನ್ನು ಅರೆದು ಅದರಲ್ಲಿ ಯಾವ ಯಾವ ವಂಶವಾಹಿಗಳು ಕಾರ್ಯನಿರತವಾಗಿವೆಯೆಂದು ಅಳೆಯುವುದು ಹಿಂದಿನ ಕ್ರಮ. ಹತ್ತಾರು ಧಾನ್ಯಗಳನ್ನು ಬೆರೆಸಿ ಬೀಸಿದ ಹಿಟ್ಟನ್ನು ಎದುರಿಗಿಟ್ಟುಕೊಂಡು, ಇದರಲ್ಲಿ ರಾಗಿ ಎಷ್ಟು, ಕಡಲೆ ಎಷ್ಟು, ಯಾವ ಕಾಳು ಹುಳು ಹಿಡಿದಿತ್ತು ಎಂದು ಕೇಳಿದರೆ ಉತ್ತರ ಹೇಗೆ ದುಸ್ಸಾಧ್ಯವೋ, ಮಾಸಿನ ವಿಷಯದಲ್ಲಿಯೂ ಹಾಗೆಯೇ ಆಗುತ್ತಿತ್ತು. ಅಲ್ಲಿ ತಾಯಿಯ ಕೋಶಗಳೂ ಶಿಶುವಿನ ಕೋಶಗಳೂ ಹೆಣೆದುಕೊಂಡಿರುವುದರಿಂದ, ದೊರೆತ ಸರಾಸರಿಯು ಇಬ್ಬರಲ್ಲಿ ಯಾರದೂ ಆಗಿರುತ್ತಿರಲಿಲ್ಲ.

ಒಂದೊಂದು ಕೋಶವನ್ನೂ ಪ್ರತ್ಯೇಕವಾಗಿ ಓದುವ ವಿದ್ಯೆಯ ಉದಯದಿಂದ ಈ ಅಡ್ಡಿಯು ನಿವಾರಣೆಯಾಯಿತು. ಒಂದೇ ಕೋಶದೊಳಗಿನ ಸಂದೇಶವಾಹಕ ಆರ್‌ಎನ್‌ಎಗಳನ್ನು ಹೊಸ ತಲೆಮಾರಿನ ಯಂತ್ರಗಳಿಂದ ಸಮಗ್ರವಾಗಿ ಓದಿದ ಮೊದಲ ವರದಿಯು, ಕೇಂಬ್ರಿಜ್ಜಿನ ಅಜೀಮ್ ಸುರಾನಿ ಅವರ ಪ್ರಯೋಗಾಲಯದಲ್ಲಿ ಫುಚೌ ಟಾಂಗ್ ಮತ್ತು ಸಂಗಡಿಗರು ನಡೆಸಿದ ಕಾರ್ಯದ ಫಲವಾಗಿ 2009ರಲ್ಲಿ ಪ್ರಕಟವಾಯಿತು. 2015ರಲ್ಲಿ ಹಾರ್ವರ್ಡಿನ ಎರಡು ತಂಡಗಳು ಇದನ್ನು ಸಾವಿರಾರು ಕೋಶಗಳಿಗೆ ಏಕಕಾಲದಲ್ಲಿ ಅನ್ವಯಿಸುವ ಮಾರ್ಗವನ್ನು ಕಂಡುಹಿಡಿದವು. ಬಿಡಿಬಿಡಿಯಾಗಿಸಿದ ಕೋಶಗಳನ್ನು ಎಣ್ಣೆಯ ನಡುವೆ ತೇಲುವ ಸೂಕ್ಷ್ಮವಾದ ನೀರಹನಿಗಳಲ್ಲಿ ಒಂದೊಂದಾಗಿ ಸೆರೆಹಿಡಿದು, ಪ್ರತಿಯೊಂದು ಹನಿಯಲ್ಲಿಯೂ ತನ್ನದೇ ಆದ ಅಕ್ಷರಸಂಕೇತವನ್ನು ಹೊತ್ತ ಒಂದು ಮಣಿಯನ್ನು ಸೇರಿಸಿ, ಕೋಶವು ಒಡೆದಾಗ ಹೊರಬೀಳುವ ಆರ್‌ಎನ್‌ಎ ಎಳೆಗಳಿಗೆಲ್ಲ ಆ ಸಂಕೇತವನ್ನು ಅಂಟಿಸುತ್ತಾರೆ. ಆಮೇಲೆ ಎಲ್ಲವನ್ನೂ ಒಟ್ಟಿಗೆ ಬೆರೆಸಿ ಓದಿದರೂ ಯಾವ ಎಳೆ ಯಾವ ಕೋಶದ್ದೆಂಬುದು ಸಂಕೇತದಿಂದ ತಿಳಿಯುತ್ತದೆ. ಮನುಷ್ಯನಲ್ಲಿ ಪ್ರೋಟೀನುಗಳನ್ನು ನಿರ್ಮಿಸುವ ವಂಶವಾಹಿಗಳು ಸುಮಾರು 20,000. ಒಂದು ಕೋಶಕ್ಕೆ ಒಂದು ಸಾಲಿನಂತೆ ಬರೆದರೆ, 70,000 ಕೋಶಗಳ ಅಧ್ಯಯನವು 140 ಕೋಟಿ ಮನೆಗಳುಳ್ಳ ಒಂದು ಮಹಾಕೋಷ್ಟಕವಾಗುತ್ತದೆ. ಅದರಲ್ಲಿ ಬಹುಪಾಲು ಮನೆಗಳು ಶೂನ್ಯ. ಉಳಿದವುಗಳಲ್ಲಿ ಅಡಗಿರುವ ವಿನ್ಯಾಸವನ್ನು ಗಣಿತದಿಂದಲೂ ಗಣಕಯಂತ್ರದಿಂದಲೂ ಹೊರಗೆಡಹಿ, ಸಮಾನಶೀಲದ ಕೋಶಗಳನ್ನು ಒಂದೊಂದು ಗುಂಪಾಗಿ ವಿಂಗಡಿಸಬೇಕು. ಪ್ರಯೋಗಶಾಲೆಯ ಪರಿಣತಿಗೂ ಗಣನವಿದ್ಯೆಗೂ ಇಲ್ಲಿ ಸಮಾನವಾದ ಸ್ಥಾನವಿದೆ.

ಮಾನವದೇಹದ ಸಮಸ್ತ ಕೋಶಗಳ ಒಂದು ಭೂಪಟವನ್ನು ರಚಿಸಬೇಕೆಂಬ ಸಂಕಲ್ಪದಿಂದ ಸಾರಾ ಟೈಕ್‌ಮನ್ ಮತ್ತು ಅವೀವ್ ರೆಗೆವ್ ಅವರ ನೇತೃತ್ವದಲ್ಲಿ 2016ರಲ್ಲಿ ಹ್ಯೂಮನ್ ಸೆಲ್ ಅಟ್ಲಾಸ್ ಎಂಬ ಅಂತಾರಾಷ್ಟ್ರೀಯ ಯೋಜನೆಯು ಆರಂಭವಾಯಿತು. ಕೇಂಬ್ರಿಜ್ಜಿನ ಸಮೀಪದ ಹಿಂಕ್ಸ್‌ಟನ್ ಗ್ರಾಮದ ವೆಲ್ಕಮ್ ಸ್ಯಾಂಗರ್ ಸಂಸ್ಥೆಯಲ್ಲಿ ಟೈಕ್‌ಮನ್ ಅವರ ಬಳಿ ಆಗ ಸಂಶೋಧನೆ ನಡೆಸುತ್ತಿದ್ದ ಸ್ಪೇನಿನ ರೋಸರ್ ವೆಂಟೊ-ಟೋರ್ಮೊ ಈ ಹೊಸ ವಿದ್ಯೆಯನ್ನು ತಾಯಿ-ಶಿಶುಗಳ ಗಡಿಪ್ರದೇಶಕ್ಕೆ ತಿರುಗಿಸಿದರು. ಗರ್ಭಪಾತವನ್ನು ಸ್ವೇಚ್ಛೆಯಿಂದ ಮಾಡಿಸಿಕೊಂಡ ಸ್ತ್ರೀಯರು ತಿಳಿದು ಒಪ್ಪಿ ದಾನವಾಗಿತ್ತ, ಆರರಿಂದ ಹದಿನಾಲ್ಕು ವಾರಗಳ ಅವಧಿಯ ಮಾಸು ಮತ್ತು ಡೆಸಿಡುವಾಗಳನ್ನೂ, ಅದೇ ತಾಯಂದಿರ ರಕ್ತವನ್ನೂ ಆಧಾರವಾಗಿಟ್ಟುಕೊಂಡು, ಮೊಫೆಟ್ ಅವರೊಡನೆಯೂ ನ್ಯೂಕಾಸಲ್ಲಿನ ಮುಜ್ಲಿಫಾ ಹನೀಫಾ ಅವರೊಡನೆಯೂ ಕೂಡಿ, ಸುಮಾರು 70,000 ಕೋಶಗಳನ್ನು ಒಂದೊಂದಾಗಿ ಓದಿ, 2018ರ ನವೆಂಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಅವರು ಫಲಿತಾಂಶವನ್ನು ಪ್ರಕಟಿಸಿದರು. ಆ ದಾನಿಗಳ ಔದಾರ್ಯವಿಲ್ಲದೆ ಈ ಜ್ಞಾನದ ಒಂದು ಅಕ್ಷರವೂ ನಮಗೆ ದೊರೆಯುತ್ತಿರಲಿಲ್ಲವೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು.

ಮೊದಲ ತೊಡಕು, ಯಾವ ಕೋಶ ತಾಯಿಯದು, ಯಾವುದು ಶಿಶುವಿನದು ಎಂಬುದು. ಆರ್‌ಎನ್‌ಎಯಲ್ಲಿ ಕಾಣಬರುವ ಸ್ವಾಭಾವಿಕವಾದ ಅಕ್ಷರವ್ಯತ್ಯಾಸಗಳನ್ನು ಇಬ್ಬರ ಡಿಎನ್‌ಎಯೊಡನೆ ಹೋಲಿಸಿ ಪ್ರತಿಯೊಂದು ಕೋಶದ ಒಡೆತನವನ್ನೂ ಇತ್ಯರ್ಥಪಡಿಸಿದರು. ಅದಾದ ಬಳಿಕ ಡೆಸಿಡುವಾದ ಎನ್‌ಕೆ ಕೋಶಗಳಲ್ಲಿ ಮೂರು ಭಿನ್ನವಾದ ಪಂಗಡಗಳಿರುವುದು ಬೆಳಕಿಗೆ ಬಂದಿತು. ಮೊದಲನೆಯ ಪಂಗಡದ ಮೈಮೇಲೆ ಕೆಐಆರ್ ಗ್ರಾಹಕಗಳು ಸಮೃದ್ಧವಾಗಿದ್ದು, ಮಾಸಿನ ಕೋಶಗಳ ಗುರುತುಗಳನ್ನು ಓದುವುದಕ್ಕೆ ಅದು ವಿಶೇಷವಾಗಿ ಸಜ್ಜಾಗಿದೆ. ಸಕ್ಕರೆಯನ್ನು ವಿಭಜಿಸಿ ಶಕ್ತಿ ಪಡೆಯುವ ಅದರ ವ್ಯವಸ್ಥೆಯೂ ಚುರುಕಾಗಿದೆ. ಎರಡನೆಯ ಮತ್ತು ಮೂರನೆಯ ಪಂಗಡಗಳು ಬೇರೆ ರಾಸಾಯನಿಕ ಸಂದೇಶಗಳನ್ನು ಹೊರಡಿಸುತ್ತ, ಮಾಸಿನ ಕೋಶಗಳಿಗೂ ಇತರ ರಕ್ಷಣಾಕೋಶಗಳಿಗೂ ಸೂಚನೆ ನೀಡಬಲ್ಲವು. ನಂಜು ಚೊಚ್ಚಲ ಬಸಿರಿನಲ್ಲಿಯೇ ಹೆಚ್ಚೆಂಬುದು ವೈದ್ಯರಿಗೆ ಬಹುಕಾಲದಿಂದ ಗೊತ್ತಿರುವ ಸಂಗತಿ. ಮೊದಲ ಬಸಿರಿನಲ್ಲಿ ಈ ಮೊದಲನೆಯ ಪಂಗಡವು ಪಡೆದ ಅನುಭವವೇ ಮುಂದಿನ ಬಸಿರುಗಳಿಗೆ ನೆರವಾಗುತ್ತಿರಬಹುದೆಂಬ ಊಹೆಯನ್ನು ಸಂಶೋಧಕರು ಮುಂದಿಟ್ಟಿದ್ದಾರೆ.

ಕೋಶಗಳ ಪಟ್ಟಿಯನ್ನು ಮಾಡಿದ ಮಾತ್ರಕ್ಕೆ ಅವುಗಳ ಬಾಳ್ವೆಯು ಅರ್ಥವಾಗದು. ಯಾರು ಯಾರೊಡನೆ ಏನನ್ನು ನುಡಿಯುತ್ತಾರೆಂಬುದು ತಿಳಿಯಬೇಕು. ಒಂದು ಕೋಶವು ಸ್ರವಿಸುವ ಅಣುವೂ ಇನ್ನೊಂದರ ಮೇಲಿರುವ ಗ್ರಾಹಕವೂ ಪರಸ್ಪರ ಹೊಂದಿದಾಗ ಸಂದೇಶವು ಮುಟ್ಟುತ್ತದೆ. ಹೀಗೆ ಹೊಂದುವ ಜೋಡಿಗಳನ್ನು, ಹಲವು ತುಂಡುಗಳು ಸೇರಿ ಒಂದಾಗುವ ಗ್ರಾಹಕಗಳ ವಿಷಯದಲ್ಲಿ ಎಲ್ಲ ತುಂಡುಗಳೂ ಹಾಜರಿರಬೇಕೆಂಬ ನಿಯಮದೊಡನೆ, ಸಂಗ್ರಹಿಸಿ, ಯಾವ ಎರಡು ಪಂಗಡಗಳ ನಡುವೆ ಯಾವ ಸಂವಾದ ಸಾಧ್ಯವೆಂದು ಲೆಕ್ಕಹಾಕುವ ಸೆಲ್‌ಫೋನ್‌ಡಿಬಿ ಎಂಬ ಸಾಧನವನ್ನು ಈ ತಂಡವು ನಿರ್ಮಿಸಿ, ಎಲ್ಲರ ಬಳಕೆಗೆ ಮುಕ್ತವಾಗಿ ಒಪ್ಪಿಸಿತು. ಗರ್ಭವನ್ನು ಅರಿಯಲು ಹುಟ್ಟಿದ ಈ ಸಾಧನವನ್ನು ಇಂದು ಅರ್ಬುದದಿಂದ ಶ್ವಾಸಕೋಶದ ವ್ಯಾಧಿಗಳವರೆಗೆ ನಾನಾ ಕ್ಷೇತ್ರಗಳ ಸಂಶೋಧಕರು ಬಳಸುತ್ತಿದ್ದಾರೆ. ತಾಯ್ತನದ ವಿಜ್ಞಾನವನ್ನು ವೈದ್ಯಶಾಸ್ತ್ರದ ಒಂದು ಮೂಲೆಯ ವಿಷಯವೆಂದು ಕಾಣುವವರು ಈ ಒಂದು ಸಂಗತಿಯನ್ನಾದರೂ ಗಮನಿಸಬೇಕು.

ಈ ಕ್ರಮದ ಮಿತಿಯನ್ನೂ ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತು. ಲೆಕ್ಕದಿಂದ ಸಾಧ್ಯವೆಂದು ತೋರುವ ಸಂವಾದವು ನಿಜವಾಗಿ ನಡೆಯುತ್ತಿದೆಯೆಂದು ಹೇಳಬೇಕಾದರೆ ಆ ಎರಡು ಕೋಶಗಳೂ ಒಂದೇ ನೆರೆಯಲ್ಲಿರಬೇಕು. ಆದರೆ ಓದುವ ಮೊದಲು ಕೋಶಗಳನ್ನು ಬಿಡಿಸುವುದರಿಂದ ಅವು ಇದ್ದ ಸ್ಥಳದ ಸುಳಿವೇ ಅಳಿಸಿಹೋಗುತ್ತದೆ. ಈ ಕೊರತೆಯನ್ನು ನೀಗುವುದಕ್ಕಾಗಿ ವೆಂಟೊ-ಟೋರ್ಮೊ ಅವರ ತಂಡವು, ಮಾಸು, ಡೆಸಿಡುವಾ ಮತ್ತು ಗರ್ಭಾಶಯದ ಸ್ನಾಯು ಮೂರೂ ಇದ್ದ ಹಾಗೆಯೇ ಉಳಿದಿದ್ದ ಅತ್ಯಂತ ವಿರಳವಾದ ಮಾದರಿಗಳನ್ನು ಆಧರಿಸಿ, ಅಂಗಾಂಶದ ತೆಳುವಾದ ಪದರಗಳ ಮೇಲೆಯೇ ವಂಶವಾಹಿಗಳ ಕಾರ್ಯವನ್ನು ಓದಿ, ಮಾಸಿನ ಕೋಶವು ಕವಲನ್ನು ಬಿಟ್ಟು ತಾಯಿಯ ಧಮನಿಯನ್ನು ಮುಟ್ಟುವವರೆಗಿನ ಪ್ರಯಾಣದ ಪ್ರತಿಯೊಂದು ಹಂತವನ್ನೂ 2023ರಲ್ಲಿ ಚಿತ್ರಿಸಿತು. ಮಾರ್ಗೆರಿಟಾ ಟುರ್ಕೊ ಮತ್ತು ಸಂಗಡಿಗರು 2018ರಲ್ಲಿ ಪ್ರಯೋಗಾಲಯದಲ್ಲಿ ಬೆಳೆಸಿದ ಮಾಸಿನ ಕಿರುಪ್ರತಿರೂಪಗಳೊಡನೆ ಈ ಚಿತ್ರವನ್ನು ಹೋಲಿಸಿ, ಆ ಪ್ರತಿರೂಪಗಳು ಎಷ್ಟರಮಟ್ಟಿಗೆ ನೈಜವೆಂಬುದನ್ನು ಪರೀಕ್ಷಿಸುವುದು ಆಗ ಸಾಧ್ಯವಾಯಿತು. ಜೀವಂತವಾದ ಮಾನವಗರ್ಭದಲ್ಲಿ ಪ್ರಯೋಗ ಮಾಡುವುದು ಧರ್ಮವಲ್ಲವಾದುದರಿಂದ, ಇಂಥ ನಂಬತಕ್ಕ ಪ್ರತಿರೂಪಗಳಿಗೆ ಅಪಾರವಾದ ಬೆಲೆಯಿದೆ.

ಗರ್ಭಾಶಯದೊಳಕ್ಕೆ ಕೈಯಿಕ್ಕದೆ, ತಾಯಿಯ ತೋಳಿನಿಂದ ತೆಗೆದ ರಕ್ತದಲ್ಲಿಯೇ ಈ ಸಂವಾದದ ಪ್ರತಿಧ್ವನಿಯನ್ನು ಕೇಳಬಹುದೇ ಎಂದು ಬೇರೆ ಕೆಲವರು ಪರಿಶೀಲಿಸಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನೀಮಾ ಅಘಯೀಪೂರ್, ಬ್ರಿಸ್ ಗೋದಿಲ್ಯೇರ್ ಮೊದಲಾದವರು, ಪ್ರತಿಕಾಯಗಳಿಗೆ ಲೋಹದ ಪರಮಾಣುಗಳನ್ನು ಕಟ್ಟಿ ಒಂದೊಂದು ಕೋಶದ ಹತ್ತಾರು ಲಕ್ಷಣಗಳನ್ನು ಏಕಕಾಲದಲ್ಲಿ ಅಳೆಯುವ ವಿಧಾನದಿಂದ, ಬಸಿರಿನ ಮೂರು ತ್ರೈಮಾಸಿಕಗಳಲ್ಲಿಯೂ ಹೆರಿಗೆಯ ತರುವಾಯವೂ ತೆಗೆದ ರಕ್ತವನ್ನು ಪರೀಕ್ಷಿಸಿ, ಸಹಜವಾದ ಬಸಿರಿನಲ್ಲಿ ರಕ್ಷಣಾಕೋಶಗಳ ಮಾರ್ಪಾಟುಗಳು ನಿಯತಕಾಲದಲ್ಲಿ, ನಿಯತಕ್ರಮದಲ್ಲಿ ನಡೆಯುತ್ತವೆಂದು 2017ರಲ್ಲಿ ತೋರಿಸಿದರು. 2021ರಲ್ಲಿ ಅದೇ ಬಳಗವು 63 ಗರ್ಭಿಣಿಯರ ರಕ್ತವನ್ನು ಬಸಿರಿನ ಕೊನೆಯ ನೂರು ದಿನಗಳಲ್ಲಿ ಅಭ್ಯಸಿಸಿ, ಹೆರಿಗೆಗೆ ಎರಡರಿಂದ ನಾಲ್ಕು ವಾರ ಮುಂಚಿತವಾಗಿಯೇ ದೇಹವು ಗರ್ಭವನ್ನು ಕಾಪಾಡುವ ಸ್ಥಿತಿಯಿಂದ ಹೆರಿಗೆಗೆ ಸಿದ್ಧವಾಗುವ ಸ್ಥಿತಿಗೆ ಹೊರಳುವುದನ್ನು ಗುರುತಿಸಿತು. ಇವು ಚಿಕ್ಕ ಸಂಖ್ಯೆಯ ಅಧ್ಯಯನಗಳು. ವಿಶಾಲವಾದ ಜನಸಮುದಾಯಗಳಲ್ಲಿ ಪರೀಕ್ಷೆಗೆ ನಿಲ್ಲಬೇಕಾದವು. ಆದರೂ, ಅಕಾಲದ ಹೆರಿಗೆಯನ್ನು ಮುಂಚಿತವಾಗಿ ತಿಳಿಯಬಲ್ಲ ದಿನದತ್ತ ಅವು ದಾರಿ ತೋರಿವೆ.

ಈ ವಿದ್ಯೆಯ ಪ್ರಯೋಜನವನ್ನು ಅಳೆಯಬೇಕಾದುದು ತಾಯಂದಿರ ಮತ್ತು ಶಿಶುಗಳ ಪ್ರಾಣದಿಂದ. ಜಗತ್ತಿನ ಗರ್ಭಿಣಿಯರಲ್ಲಿ ನೂರಕ್ಕೆ ಎರಡರಿಂದ ಎಂಟರವರೆಗೆ ನಂಜಿಗೆ ಈಡಾಗುತ್ತಾರೆಂದು ಅಂದಾಜಿದೆ. 2020ರಲ್ಲಿ ಲೋಕದಾದ್ಯಂತ ಸುಮಾರು 1.34 ಕೋಟಿ ಶಿಶುಗಳು ಅಕಾಲದಲ್ಲಿ ಜನಿಸಿದವು. ಅವುಗಳಲ್ಲಿ ಸುಮಾರು 30 ಲಕ್ಷ ಭಾರತದವು. 2018-20ರ ಗಣನೆಯಂತೆ ಒಂದು ಲಕ್ಷ ಸಜೀವ ಜನನಗಳಿಗೆ ಭಾರತದಲ್ಲಿ 97, ಕರ್ನಾಟಕದಲ್ಲಿ 69, ಕೇರಳದಲ್ಲಿ 19 ತಾಯಂದಿರು ಮರಣಹೊಂದಿದರು. ಈ ಮರಣಗಳ ಪ್ರಧಾನ ಕಾರಣಗಳಲ್ಲಿ ರಕ್ತಸ್ರಾವದ ಜೊತೆಗೆ ನಂಜೂ ಒಂದು. ಮೊದಲ ವಾರಗಳ ಜ್ಞಾನವು ಪ್ರಾಣವನ್ನು ಉಳಿಸಬಲ್ಲುದೆಂಬುದಕ್ಕೆ ನಿದರ್ಶನವೂ ಉಂಟು. ಅಪಾಯ ಹೆಚ್ಚೆಂದು ಗುರುತಿಸಲಾದ ಗರ್ಭಿಣಿಯರಿಗೆ ಹನ್ನೊಂದರಿಂದ ಹದಿನಾಲ್ಕನೆಯ ವಾರದೊಳಗೆ ಆರಂಭಿಸಿ ಅಲ್ಪ ಪ್ರಮಾಣದ ಆಸ್ಪಿರಿನ್ ಕೊಟ್ಟಾಗ, 37 ವಾರ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಗುವಂಥ ನಂಜು ಶೇಕಡಾ 62ರಷ್ಟು ಕಡಿಮೆಯಾದುದನ್ನು 2017ರ ಆಸ್‌ಪ್ರೀ ಪ್ರಯೋಗವು ತೋರಿಸಿತು. ವೈದ್ಯರ ಆದೇಶದಿಂದ ಮಾತ್ರ ಸೇವಿಸತಕ್ಕ ಈ ಅಗ್ಗದ ಮಾತ್ರೆಯು ಫಲಿಸುವುದು ಮುಂಚಿತವಾಗಿ ಆರಂಭಿಸಿದಾಗ. ಮುಂಚಿತವಾಗಿ ಆರಂಭಿಸಬೇಕಾದರೆ ಯಾರಿಗೆ ಅಪಾಯವೆಂಬುದು ಮುಂಚಿತವಾಗಿ ತಿಳಿದಿರಬೇಕು.

ಯಾರಿಗೆ ಅಪಾಯವೆಂಬ ಪ್ರಶ್ನೆಗೆ ಯೂರೋಪಿನ ತಾಯಂದಿರಿಂದ ಪಡೆದ ಉತ್ತರವು ಎಲ್ಲ ದೇಶಗಳಿಗೂ ಸಲ್ಲುವುದಿಲ್ಲ. ಉಗಾಂಡಾದ ಕಂಪಾಲಾದಲ್ಲಿ ಆನೆಟ್ ನಕಿಮುಲಿ ಅವರು ಮೊಫೆಟ್ ಅವರೊಡನೆ ಕೂಡಿ ನಡೆಸಿದ ಸಂಶೋಧನೆಯು, ನಂಜಿನಿಂದ ರಕ್ಷಿಸುವ ಕೆಐಆರ್ ವಂಶವಾಹಿಗಳ ಒಂದು ಗುಚ್ಛವು ಆಫ್ರಿಕದವರಲ್ಲಿದ್ದು ಯೂರೋಪಿನವರಲ್ಲಿಲ್ಲವೆಂದು 2015ರಲ್ಲಿ ತೋರಿಸಿತು. ಜಪಾನೀಯರಲ್ಲಿ, ಪ್ರಚೋದಕ ಗ್ರಾಹಕಗಳು ಕಡಿಮೆಯಿರುವ, ಕೆಐಆರ್‌ನ ಎ ಬಗೆಯು ಪ್ರಬಲವಾಗಿದ್ದರೆ ಭಾರತೀಯರಲ್ಲಿ ಬಿ ಬಗೆಯು ಹೆಚ್ಚಾಗಿ ಕಾಣುತ್ತದೆ. ಗುರುತಿಸುವ ಗ್ರಾಹಕಗಳೇ ಭಿನ್ನವಾಗಿರುವಾಗ ಸಂವಾದವೂ ಭಿನ್ನವಾಗಿರುವುದು ಸಹಜ. ಆದುದರಿಂದ ನಮ್ಮ ತಾಯಂದಿರ ಭೂಪಟವನ್ನು ನಾವೇ ರಚಿಸಿಕೊಳ್ಳಬೇಕು.

ಅದಕ್ಕೆ ಬೇಕಾದ ತಳಹದಿ ನಮ್ಮಲ್ಲಿ ಇಲ್ಲದಿಲ್ಲ. ಫರೀದಾಬಾದಿನ ಟ್ರಾನ್ಸ್‌ಲೇಷನಲ್ ಹೆಲ್ತ್ ಸೈನ್ಸ್ ಅಂಡ್ ಟೆಕ್ನಾಲಜಿ ಇನ್‌ಸ್ಟಿಟ್ಯೂಟ್ 2015ರಲ್ಲಿ ಗುರುಗ್ರಾಮದ ಸಾರ್ವಜನಿಕ ಆಸ್ಪತ್ರೆಯಲ್ಲಿ ಆರಂಭಿಸಿದ ಗರ್ಭಿಣಿ ಎಂಬ ಅಧ್ಯಯನವು ಸಾವಿರಾರು ಬಸುರಿಯರನ್ನು ಮೊದಲ ತಿಂಗಳುಗಳಿಂದಲೇ ಅನುಸರಿಸಿ, ರಕ್ತಾದಿ ಮಾದರಿಗಳನ್ನು ಕಾಪಿಟ್ಟುಕೊಂಡು ಬಂದಿದೆ. ಆ ಮಾಹಿತಿಯ ಆಧಾರದಿಂದ ಮದರಾಸಿನ ಐಐಟಿಯ ವಿಜ್ಞಾನಿಗಳು ಗರ್ಭದ ವಯಸ್ಸನ್ನು ಅಳೆಯಲು ಭಾರತೀಯರಿಗೆ ಒಪ್ಪುವ ಸೂತ್ರವನ್ನು ರಚಿಸಿದಾಗ, ಪಾಶ್ಚಾತ್ಯರ ದತ್ತಾಂಶದಿಂದ ರಚಿತವಾದ ಸೂತ್ರಕ್ಕಿಂತ ಅದರಲ್ಲಿ ತಪ್ಪು ಬಹಳ ಕಡಿಮೆಯಾಗಿತ್ತು. ಕನ್ನಡ ನಾಡಿನಲ್ಲಿಯೂ ಇದಕ್ಕೆ ಪೂರ್ವಪರಂಪರೆಯೊಂದುಂಟು: ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯವರು 1934ರಿಂದ ಪ್ರತಿಯೊಂದು ಶಿಶುವಿನ ತೂಕ, ಉದ್ದ ಮತ್ತು ತಲೆಯ ಸುತ್ತಳತೆಗಳನ್ನು ಶ್ರದ್ಧೆಯಿಂದ ಬರೆದಿಟ್ಟಿದ್ದರಿಂದಲೇ, ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ನಡುವಯಸ್ಸಿನ ತರುವಾಯ ಹೃದ್ರೋಗವು ಹೆಚ್ಚೆಂಬುದನ್ನು 1996ರಲ್ಲಿ ಲೋಕಕ್ಕೆ ಸಾರುವುದು ಸಾಧ್ಯವಾಯಿತು. ಮಾಸಿನ ಮೊದಲ ವಾರಗಳ ಕೆಲಸವು ಮನುಷ್ಯನ ಇಡೀ ಆಯುಸ್ಸಿನ ಮೇಲೆ ನೆರಳು ಚೆಲ್ಲಬಹುದೆಂಬುದನ್ನು ಮೈಸೂರಿನ ಆ ದಫ್ತರಗಳು ನಮಗೆ ನೆನಪಿಸುತ್ತವೆ.

ಹೆರಿಗೆಯ ಕೋಣೆಯಲ್ಲಿ ಮಗುವನ್ನು ತೂಗಿ, ತೊಳೆದು, ತಾಯಿಯ ಮಗ್ಗುಲಲ್ಲಿ ಮಲಗಿಸಿದ ಮೇಲೆ ಮಾಸನ್ನು ಕಸವೆಂದು ಎಸೆಯುವುದು ಸಾಮಾನ್ಯವಾದ ರೂಢಿ. ಆ ಬಸಿರಿನ ಇತಿಹಾಸವು ಸಮಗ್ರವಾಗಿ ಉಳಿದಿರುವುದು ಅದೊಂದರಲ್ಲಿಯೇ. ನಂಜಿನಿಂದ ಬಳಲಿದ ತಾಯಿಯ, ದಿನ ತುಂಬದೆ ಹುಟ್ಟಿದ ಶಿಶುವಿನ, ಕಾರಣ ತಿಳಿಯದೆ ಗರ್ಭದಲ್ಲಿಯೇ ಅಳಿದ ಶಿಶುವಿನ ಮಾಸನ್ನಾದರೂ, ತಾಯಿಗೆ ಉದ್ದೇಶವನ್ನು ಅವಳ ಭಾಷೆಯಲ್ಲಿಯೇ ವಿವರಿಸಿ, ಅವಳ ಒಪ್ಪಿಗೆಯನ್ನು ಪಡೆದು, ಪರೀಕ್ಷೆಗೆ ಯೋಗ್ಯವಾಗುವಂತೆ ಕಾಪಿಡುವ ವ್ಯವಸ್ಥೆಯು ನಮ್ಮ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಆಗಬೇಕು. ಅದನ್ನು ಓದಬಲ್ಲ ಪ್ರಯೋಗಶಾಲೆಗಳೂ, ಗಣನವಿದ್ಯೆಯನ್ನೂ ಜೀವವಿಜ್ಞಾನವನ್ನೂ ಒಟ್ಟಿಗೆ ಕಲಿತ ತರುಣ ತರುಣಿಯರೂ ನಮ್ಮಲ್ಲಿ ಬೆಳೆಯಬೇಕು. ಎಲ್ಲಕ್ಕಿಂತ ಮೊದಲು, ಬಸಿರಿನ ಮೊದಲ ತಿಂಗಳುಗಳಲ್ಲಿಯೇ ಪ್ರತಿಯೊಬ್ಬ ಹೆಣ್ಣೂ ವೈದ್ಯರ ಕಣ್ಣಿಗೆ ಬೀಳುವಂತಾಗಬೇಕು; ಏಕೆಂದರೆ ಅಪಾಯವನ್ನು ತಿಳಿಸುವ ಪರೀಕ್ಷೆಯು ನಾಳೆ ಸಿದ್ಧವಾದರೂ, ಐದನೆಯ ತಿಂಗಳಿನಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತುವ ತಾಯಿಗೆ ಅದರಿಂದ ಆಗುವ ಉಪಕಾರ ಅತ್ಯಲ್ಪ. ವಿಜ್ಞಾನಿಗಳು ಮಾಡಬೇಕಾದುದು ಬಹಳವಿದೆ. ಆದರೆ ಈ ಒಂದು ಕೆಲಸಕ್ಕೆ ಯಾವ ಹೊಸ ಸಂಶೋಧನೆಯನ್ನೂ ಕಾಯಬೇಕಾಗಿಲ್ಲ, ನಮ್ಮ ಸಂಸಾರಗಳೂ ಸರಕಾರಗಳೂ ಇಂದೇ ಅದನ್ನು ಕೈಗೊಳ್ಳಬಹುದು.